ಸೋಲಾರ್‌ಗೆ ನಾನು ಹಾಕಿದ ಕಟ್ಟೆ

ನಮ್ಮ ಮನೆಯ ಹಳೆ ಸೋಲಾರ್ ಟ್ಯಾಂಕು ತೂತು ಬಿದ್ದಾಗ ಮಗಳು ಕಲಬುರಗಿಯ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ವಾರದೊಳಗೆ ಕೂಸಿನೊಂದಿಗೆ ಕಮಲಾಪುರಕ್ಕೆ, ನಮ್ಮ ಮನೆಗೆ ಬರುವವಳು. ಬಾಣಂತಿಗೂ ಕೂಸಿಗೂ ದಿನಾ ಕೊಡಗಟ್ಟಲೆ ಬಿಸಿನೀರು ಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ, ಹಳೆಯದರ ಎರಡರಷ್ಟು ದೊಡ್ಡ ಸೋಲಾರ್ ಕೊಂಡೆ.

"ಇದರ ಭಾರಕ್ಕ ಹಳೇ ಕಟ್ಟಿ ತಡಿಯಂಗಿಲ್ರೀ. ನಾಕು ಕಾಲಿಗಿ ನಾಕು ಹೊಸಾವು ಹಾಕಿಸಿಡ್ರಿ, ನಮ್ಮ ಹುಡುಗ ಬಂದು ಕೂಡಸ್ತಾನ," ಎಂದು ಅಂಗಡಿಯವರು ಅಳತೆಯ ಚೀಟಿ ಕೊಟ್ಟರು.

ಗಾರೆ ಕೆಲಸದ ಗೌಂಡಿಯನ್ನು ಕರೆಸಿರೆಂದಳು ಹೆಂಡತಿ. ನಾನು ಒಪ್ಪಲಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಹತ್ತನೇತ್ತ, ಅಂದರೆ ಎಸ್ಸೆಸ್ಸೆಲ್ಸಿ, ಪಾಸಾದವನು ನಾನು. ಅಂದಿನಿಂದ, ಬರೆದದ್ದೇನಿದ್ದರೂ ಓದಿ ಮಾಡಿಬಿಡುತ್ತೇನೆಂಬ ಸೊಕ್ಕು.

ಶಾಬಾದಿ ಕಲ್ಲು, ಸಿಮೆಂಟು ತಂದೆ. ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಮಾಳಿಗೆಯ ಮೇಲೆ ಬೋರಲು ಮಲಗಿ ನೋಡಿದೆ. ಕಟ್ಟೆಗಳಿಗೆ ಗೋಣಿಚೀಲ ಹೊದಿಸಿ ದಿನಕ್ಕೆ ನಾಲ್ಕು ಸಲ ನೀರು ಹಾಕಿದೆ. ಚೀಟಿಯಲ್ಲಿ ಒಂದನ್ನು ಮಾತ್ರ ತಿದ್ದಿದೆ. ಸೋಲಾರ್ ಮುಖ ದಕ್ಷಿಣಕ್ಕಿರಲಿ ಎಂದಿತ್ತು. ದಕ್ಷಿಣ ಯಮನ ದಿಕ್ಕು. ಹಳೆಯದು ತೂತು ಬಿದ್ದದ್ದೂ ಅದಕ್ಕೇ ಎಂಬುದು ನನ್ನ ಸಂಶೋಧನೆ. ಕೂಸಿನ ನೀರಲ್ಲವೇ? ಪೂರ್ವಕ್ಕೆ ತಿರುಗಿಸಿ ಕಟ್ಟಿದೆ.

ಮಗಳು ಬರುವ ಹಿಂದಿನ ದಿನ ಅಂಗಡಿಯ ಹುಡುಗ ಬಂದ. ಕಟ್ಟೆ ನೋಡಿ ತಲೆ ಕೆರೆದುಕೊಂಡ.

"ಕಾಕಾ, ಗಟ್ಟಿ ಅವ ಖರೆ. ಆದ್ರ ಮಧ್ಯಾಹ್ನದ ಮ್ಯಾಲ ಬಿಸಲು ಬೆನ್ನಿಗಿ ಬೀಳ್ತದ. ನೀರು ಹ್ಯಾಂಗ ಕಾಯ್ತಾವ?"

"ಅದು ಯಮನ ದಿಕ್ಕಪಾ."

"ಯಮಾ ನೀರು ಕಾಸಂಗಿಲ್ರೀ, ಸೂರ್ಯಾ ಕಾಸ್ತಾನ."

"ಥೋಡೆ ಆಗ್ನೇಯಕ್ಕರೆ ತಿರಗಿಸಿ ಕೂಡಸು."

"ತಿರಗಿಸಿದ್ರ ಕಾಲು ಗಾಳ್ಯಾಗ ನಿಲ್ತಾವಲ್ರೀ ಕಾಕಾ!"

ಮೆಟ್ಟಿಲ ಮೇಲಿಂದ ಹೆಂಡತಿಯ ದನಿ ಬಂತು: "ಹತ್ತನೇತ್ತ ಪಾಸಾದವ್ರು ಕಟ್ಯಾರ ತಮ್ಮಾ. ಸೂರ್ಯಾಗ ಹೇಳು, ಈ ಕಡಿ ಬಂದು ನಿಲ್ಲಲಿ."

ಒಡೆದು ತೆಗೆಯಲು ಸುತ್ತಿಗೆ ಹಿಡಿದೆ. ನನ್ನ ಕಟ್ಟೆಗಳು ಅಲುಗಲಿಲ್ಲ. ಅಷ್ಟು ಶ್ರದ್ಧೆಯಿಂದ ನೀರು ಕುಡಿಸಿದ್ದೆ. ಕಡೆಗೆ ಗೌಂಡಿ ಬಂದು ಪಕ್ಕದಲ್ಲೇ ಬೇರೆ ನಾಲ್ಕು ಹಾಕಿದ, ದಕ್ಷಿಣಕ್ಕೆ. ಒಣಗಲು ಒಂದು ವಾರ ಬೇಕು ಎಂದ.

ಮರುದಿನ ಮಗಳು ಬಂದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಪಕ್ಕದ ಮನೆಯ ಹಂಡೆ ಏರಿಸಿ, ನಾನೇ ಒಲೆ ಊದುತ್ತ ಕೂತೆ. ಬಚ್ಚಲಲ್ಲಿ ಹೆಂಡತಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಮೊದಲು ಕಿರುಚಿದ ಕೂಸು ನೀರು ಬಿದ್ದಂತೆ ಸುಮ್ಮನಾಯಿತು.

"ನೀರು ಛಲೋ ಕಾದಾವ ಅಪ್ಪಾ," ಎಂದಳು ಮಗಳು ಒಳಗಿನಿಂದ.

"ಹೊಗಳಬ್ಯಾಡ, ಮತ್ತೇನರೆ ಕಟ್ಟಾಕ ಹೋಗ್ತಾರ," ಎಂದಳು ಹೆಂಡತಿ. "ಇನ್ನೊಂದು ಕೊಡ ತರ್ರಿ."

ತಂದೆ. ಆ ವಾರವಿಡೀ ತಂದೆ.