ಅಲಸಂದಿ ಬಳ್ಳಿಯ ಹುಳ

ಎಪ್ಪತ್ತೊಂದರ ಚಳಿಗಾಲದಲ್ಲಿ, ಅಂಧೇರಿಯ ರೈಲು ಹಳಿ ಪಕ್ಕದ ತುಂಡು ನೆಲದಲ್ಲಿ ಸುಂದ್ರವ್ವ ಬೆಳೆದ ಅಲಸಂದಿಗೆ ರಸ ಹೀರುವ ಕಪ್ಪು ಹೇನು ಮುತ್ತಿತು. ಬೆಳೆ ಹೋದರೆ ಮನೆಗೆ ಬೇರೆ ಗತಿಯಿರಲಿಲ್ಲ. ಹೇನುಗಳ ನಡುವೆ ಸಿಂಬಳದಂತೆ ತೆವಳುವ ಹಸಿರು ಹುಳಗಳನ್ನು ಕಂಡರೆ ಆಕೆಗೆ ಅಸಹ್ಯವಾಗುತ್ತಿತ್ತು. ಗಟಾರದ ನೊಣದ ಸಂತಾನವೆಂದು ಸೆರಗಿನಿಂದ ಮೂಗು ಮುಚ್ಚಿ, ಕಡ್ಡಿಯಿಂದ ಆರಿಸಿ ಸೀಮೆಎಣ್ಣೆಗೆ ಹಾಕುತ್ತಿದ್ದಳು. ಹುಳ ಆರಿಸಿದಷ್ಟೂ ಹೇನು ಹೆಚ್ಚಿತು.

“ಎಂಥಾ ನೊಣ ಅಂತ ಮೊದಲ ನೋಡೂಣ್ರಿ ಅತ್ತಿ,” ಎನ್ನುತ್ತ ಸೊಸೆ ಇಂದ್ರಾಬಾಯಿ, ಹೇನು ಹತ್ತಿದ ಕುಡಿಯೊಂದಿಗೆ ಎರಡು ಹುಳಗಳನ್ನು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು.

“ತೊಟ್ಲಾ ಕಟ್ಟಿ ತೂಗು, ಜೋಗುಳಾ ಹಾಡು!” ಎಂದು ಸುಂದ್ರವ್ವ ಹಂಗಿಸಿದಳು.

ಬಾಟಲಿ ಖೋಲಿಯ ಕಿಟಕಿಯಲ್ಲೇ ಇತ್ತು. ಉಣ್ಣುವಾಗ ಸುಂದ್ರವ್ವನ ಕಣ್ಣು ಅತ್ತಲೇ ಹೋಗುತ್ತಿತ್ತು. ಹುಳವೊಂದು ಹೇನನ್ನು ಕಚ್ಚಿ ಮೇಲೆತ್ತಿ, ರಸ ಹೀರಿ, ಬರೀ ಸಿಪ್ಪೆ ಬಿಸುಟಿತು. ಆಕೆ ರೊಟ್ಟಿ ಬಿಟ್ಟೆದ್ದಳು. ಕೆಲವು ದಿನ ಕಳೆದು ನೋಡಿದರೆ, ಬಾಟಲಿಯಲ್ಲಿ ಹಳದಿ ಕಪ್ಪು ಪಟ್ಟೆಯ ಸಣಕಲು ನೊಣ ಕೂತಿತ್ತು.

“ಗಟಾರದ್ದಲ್ರಿ ಅತ್ತಿ. ಹೂವಿನ ಮ್ಯಾಲ ಗಾಳ್ಯಾಗ ನಿಂತಿರ್ತದಲ್ಲ, ಅದರಿ ಇದು. ಇದರ ಮರಿ ಹೇನು ತಿಂತಾವ. ನಾವು ಅವನ್ನ ಕೊಂದ್ವಿ.”

ಮರುದಿನ ಸುಂದ್ರವ್ವ ಕಡ್ಡಿ, ಸೀಮೆಎಣ್ಣೆ ಬಿಟ್ಟು ಬರಿಗೈಯಲ್ಲಿ ಬಳ್ಳಿಯ ಮುಂದೆ ನಿಂತಳು. ಹುಳಗಳು ತೆವಳುತ್ತಿದ್ದವು, ಅಸಹ್ಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

“ತಿನ್ರಿ, ಹೊಟ್ಟಿ ತುಂಬ ತಿನ್ರಿ. ನನ್ನ ಕೈಗೆ ಮಾತ್ರ ಹತ್ತಬ್ಯಾಡ್ರಿ,” ಎಂದು ಪಕ್ಕಕ್ಕೆ ತಿರುಗಿ ಉಗುಳಿದಳು.