ಕಾಕು ತುಂಬಿದ ಕಾಡತೂಸು

ಕಳೆದ ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಕಾಕಾನ ಬಂದೂಕನ್ನು ವಿಜಯಪುರದ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿದೆವು. ಲೈಸೆನ್ಸ್ ಇದ್ದವನು ತೀರಿಕೊಂಡ ಮೇಲೆ ಅದು ಮನೆಯಲ್ಲಿ ಇರುವಂತಿಲ್ಲ. ಅದನ್ನು ತೆಗೆಯಲೆಂದು ಅವನ ಹೆಂಡತಿ, ನಮ್ಮ ಕಾಕು, ಕಬ್ಬಿಣದ ಕಪಾಟಿನ ಬಾಗಿಲು ಎಳೆದಾಗ ಒಳಗಿನಿಂದ ಮಷೀನ್ ಎಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಸುಟ್ಟ ಮದ್ದಿನ ಘಾಟು. ಇಷ್ಟು ವರ್ಷಗಳಾದರೂ ಅದು ಹೋಗಿರಲಿಲ್ಲ. ಠಾಣೆಯಲ್ಲಿ ರಸೀದಿಯ ಮೇಲಿನ ನಂಬರನ್ನು ಎರಡು ಸಲ ಓದಿ ನೋಡಿದೆ. ಪತ್ರಿಕೆಯ ಕೆಲಸ ಕಲಿಸಿದ ಅಭ್ಯಾಸ ಅದು. ಹೊರಗೆ ಬಂದ ಮೇಲೆ ಮಾತ್ರ ಸ್ಕೂಟರಿನ ಕೀಲಿ ಕೈಯಲ್ಲಿಯೇ ಇದ್ದರೂ ಚೀಲದಲ್ಲೆಲ್ಲ ಹುಡುಕಿದೆ.

ಅಪ್ಪನಿಗೆ ವರ್ಗಾವಣೆಯ ನೌಕರಿಯಾದ್ದರಿಂದ ಹೈಸ್ಕೂಲು ಮುಗಿಯುವವರೆಗೆ ನಾನು ಕಾಕಾನ ಮನೆಯಲ್ಲಿಯೇ ಬೆಳೆದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಹಳೆಯ ಕಲ್ಲಿನ ಮನೆ. ಮುಂದೆ ಪಂಪ್‌ಸೆಟ್ ಸಾಮಾನಿನ ಅಂಗಡಿ, ನಡುವೆ ಸದಾ ತಂಪಾಗಿರುತ್ತಿದ್ದ ಪಡಸಾಲೆ, ಮಾಳಿಗೆಯ ಮೇಲೆ ಒಂದೇ ಕಿಟಕಿಯ ಖೋಲಿ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮುಂಭಾಗ ಹೋಯಿತು, ಉಳಿದ ಜಾಗದಲ್ಲಿ ಮೊಬೈಲ್ ಅಂಗಡಿಗಳಾದವು. ಕಾಕಾ ಬೇಟೆಗಾರನಲ್ಲ, ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಯಂತ್ರದಿಂದ ಆಕಾಶಕ್ಕೆ ಎಸೆದ ಮಣ್ಣಿನ ಬಿಲ್ಲೆಗಳನ್ನು ಹಾರುತ್ತಿರುವಾಗಲೇ ಒಡೆಯುವುದು ಅವನ ಆಟ. ಪ್ರತಿ ರವಿವಾರ ನಸುಕಿನಲ್ಲಿ ಸಾರವಾಡದ ನಮ್ಮ ಹೊಲಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಹಾರಿಸಿದ ಕಾಡತೂಸಿನ ಖಾಲಿ ಚಿಪ್ಪುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಅವು ಮಾಳಿಗೆಯ ಖೋಲಿಗೆ, ಕಾಕುವಿನ ಕೈಗೆ ಸೇರುತ್ತಿದ್ದವು.

ಹೌದು, ತುಂಬುತ್ತಿದ್ದವಳು ಕಾಕು. ಮೊದಲು ಕಾಕಾನೇ ತುಂಬುತ್ತಿದ್ದನಂತೆ. ಅವಸರದವನು, ಒಂದರಲ್ಲಿ ಮದ್ದು ಹೆಚ್ಚು, ಒಂದರಲ್ಲಿ ಕಡಿಮೆ. ಒಂದು ದಿನ ಕಾಕು ಅವನ ಕೈಯಿಂದ ಕಿತ್ತುಕೊಂಡು ಹೇಳಿದ್ದಳಂತೆ: "ಸಾರಿಗೆ ಉಪ್ಪು ಹಾಕಿದಂಗ ಹಾಕಾಕತ್ತೀರಲ್ಲ, ಸರೀರಿ ಆಕಡೆ." ಅಂದಿನಿಂದ ಅದು ಅವಳ ಕೆಲಸ. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಕೈ ಒಣಗಿಸಿಕೊಂಡು, ನೂಲಿನ ಸೀರೆ ಉಟ್ಟು ಮಾಳಿಗೆ ಹತ್ತುತ್ತಿದ್ದಳು. ನೈಲಾನ್ ಉಟ್ಟರೆ ಕಿಡಿ ಹಾರುತ್ತದೆಂದು ಯಾರೋ ಹೇಳಿದ್ದರು. ಹಿತ್ತಾಳೆಯ ಪುಟ್ಟ ಬಟ್ಟಲಿನಿಂದ ಮದ್ದು ಅಳೆದು ಹಾಕುವುದು, ಅದರ ಮೇಲೆ ಬಿರಡೆ, ಬಿರಡೆಯ ಮೇಲೆ ಸಾಸಿವೆಗಿಂತ ತುಸು ದಪ್ಪನೆಯ ಸೀಸದ ಕಾಳು, ಕೊನೆಗೆ ಮೇಜಿಗೆ ಬಿಗಿದ ಕೈಯಂತ್ರದ ಹಿಡಿಕೆ ಒತ್ತಿ ಬಾಯಿ ಮಡಚುವುದು. ಮಡಚಿದ ಬಾಯಿಯ ಮೇಲೆ ಹೆಬ್ಬೆರಳು ಆಡಿಸುವಾಗ, ಕರ್ಚಿಕಾಯಿಯ ಅಂಚು ಕೂಡಿದೆಯೋ ಇಲ್ಲವೋ ಎಂದು ನೋಡುವಾಗಿನ ಮುಖವೇ ಇರುತ್ತಿತ್ತು. ತುಂಬುವಾಗ ಮಾತು ಆಡುವಂತಿರಲಿಲ್ಲ. ಯಾರೇ ಬಾಯಿ ತೆರೆದರೂ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ತುಂಬುವುದು ಅವಳ ನೇಮ. ಕಾಕಾ ಬೇಕೆಂದೇ ಮೆಟ್ಟಿಲ ಕೆಳಗೆ ನಿಂತು, "ಚಾ ಆಗೂದೋ ಇಲ್ಲೋ ಈ ಮನ್ಯಾಗ?" ಎಂದು ಕೂಗುತ್ತಿದ್ದ. ಅವಳು ತುಟಿ ಬಿಗಿಹಿಡಿದು ನಗುತ್ತಿದ್ದಳು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಕಾಕಾ ಎರಡು ನಳಿಗೆಯ ಹಳೆಯ ಬಂದೂಕು ಕೊಟ್ಟು ಸೆಮಿ ಆಟೊಮ್ಯಾಟಿಕ್ ತಂದ. ಒಂದು ಗುಂಡು ಹಾರಿದರೆ ಆ ಹೊಡೆತದ ಬಲದಿಂದಲೇ ಖಾಲಿ ಚಿಪ್ಪನ್ನು ಹೊರಗೆಸೆದು ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುವ ಬಂದೂಕು ಅದು. ಆ ವರ್ಷ ರಾಜ್ಯ ತಂಡದ ಆಯ್ಕೆ ಸ್ಪರ್ಧೆಗೆ ಅವನಿಗೆ ಕರೆ ಬಂದಿತ್ತು. ಕಣ್ಣು ಮಂಜಾಗತೊಡಗಿತ್ತು. ಇದು ತಪ್ಪಿದರೆ ಇನ್ನೊಂದು ಇಲ್ಲವೆಂದು ಅವನಿಗೂ ಗೊತ್ತಿತ್ತು, ಮನೆಗೂ ಗೊತ್ತಿತ್ತು. ವಿಪರೀತ ಅಭ್ಯಾಸ ಮಾಡಿದ. ಸ್ಪರ್ಧೆಗೆ ಒಂದು ವಾರವಿರುವಾಗ ಡಾಕ್ಟರು ಭುಜ ನೋಡಿ, ಅಲ್ಲಿಯವರೆಗೆ ಬಂದೂಕು ಮುಟ್ಟಬೇಡಿ ಎಂದರು. ಆ ವಾರವೇ ಕಾಕು ಸ್ಪರ್ಧೆಯ ಕಾಡತೂಸು ತುಂಬಿದಳು. ನಾನು ಕಿಟಕಿಯ ಕಟ್ಟೆಯ ಮೇಲೆ ಗಣಿತದ ಪುಸ್ತಕ ಹಿಡಿದು ಕುಳಿತಿದ್ದೆ. ಅವಳು ರೂಢಿಯ ಬಟ್ಟಲನ್ನು ಪಕ್ಕಕ್ಕಿಟ್ಟು ಅದಕ್ಕಿಂತ ಸಣ್ಣದೊಂದನ್ನು ಎತ್ತಿಕೊಂಡಳು. ನಾನು ನೋಡಿದ್ದನ್ನು ನೋಡಿ, ತನ್ನ ನೇಮವನ್ನು ತಾನೇ ಮುರಿದಳು.

"ನಿಮ್ಮ ಕಾಕಾನ ಭುಜ ನೋಡೀಯೇನಬೇ? ಬದನಿಕಾಯಿ ಬಣ್ಣಕ್ಕ ತಿರಗೇತಿ. ಚೂರು ಹಗರ ಮಾಡೀನಿ. ಅವ್ರಿಗೆ ಹೇಳಬ್ಯಾಡ ಮತ್ತ, ಜ್ವಾಕಿ."

ಎರಡು ನಳಿಗೆಯ ಬಂದೂಕಿನಲ್ಲಿ ಅದು ನಡೆಯುತ್ತಿತ್ತು. ಮದ್ದು ಹಗುರಾದರೆ ಭುಜಕ್ಕೆ ಪೆಟ್ಟು ಕಡಿಮೆ, ಅಷ್ಟೇ. ಹೊಸ ಬಂದೂಕಿಗೆ ಆ ಪೆಟ್ಟೇ ಕೈಕಾಲು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸ್ಪರ್ಧೆಯಲ್ಲಿ ಮೊದಲ ಬಿಲ್ಲೆ ಒಡೆಯಿತು. ಎರಡನೆಯದು ಹಾರುವಾಗ ಖಾಲಿ ಚಿಪ್ಪು ಹೊರಬೀಳುವ ಕಿಂಡಿಯಲ್ಲಿ ಸಿಕ್ಕಿಕೊಂಡು ಬಂದೂಕು ನಿಂತುಬಿಟ್ಟಿತು. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ. ಆಟದ ಅರ್ಧಕ್ಕೇ ಕಾಕಾ ಬಂದೂಕು ಕೆಳಗಿಟ್ಟು ಹೊರಗೆ ನಡೆದನಂತೆ.

ಸ್ಪರ್ಧೆಗೆ ಎರಡು ದಿನ ಮೊದಲು ಬಂದೂಕನ್ನು ಬಿಚ್ಚಿ ಸ್ವಚ್ಛ ಮಾಡಿದವನು ಟಿಕೋಟಾದ ಈರಣ್ಣ. ಈ ಭಾಗದ ರೈತರು ಬೆಳೆ ಕಾಯಲು ಇಟ್ಟುಕೊಂಡ ಬಂದೂಕುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು, ಕಾಕಾನ ಜೊತೆ ಒಂದೇ ತಾಟಿನಲ್ಲಿ ಉಂಡವನು. ಸುದ್ದಿ ಕೇಳಿ ಮರುದಿನವೇ ಓಡಿ ಬಂದ. ಪಡಸಾಲೆಯಲ್ಲಿ ನಿಂತೇ ಮಾತಾಡಿದ.

"ಬಂದೂಕದಾಗ ಏನೂ ಐಬಿಲ್ಲ, ಅಣ್ಣಾ. ಒಮ್ಮೆ ಆ ಕಾಡತೂಸ ತೋರಸು."

"ಅವನ್ನ ನನ್ನ ಹೇಣ್ತಿ ತುಂಬ್ಯಾಳ," ಎಂದ ಕಾಕಾ. "ಆ ಮಾತು ಇನ್ನೊಮ್ಮೆ ಆಡಿದಿ ಅಂದ್ರ ಈ ಹೊಸ್ತಿಲ ತುಳೀಬ್ಯಾಡ. ಸ್ಪ್ರಿಂಗ್ ಕೆಡಿಸಿದಾಂವ ನೀನು."

ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಸಣ್ಣ ಬಟ್ಟಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಈರಣ್ಣ ಚಪ್ಪಲಿ ಮೆಟ್ಟಿ ಹೋದ. ಬಬಲೇಶ್ವರದ ಸಂತೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮುಂದೆ ಬಂದೂಕಿನವರು ಸೇರುತ್ತಿದ್ದರು. ಈರಣ್ಣನ ಕೈ ಈಗ ಮೊದಲಿನಂತಿಲ್ಲ ಎಂದು ಕಾಕಾ ಅಲ್ಲಿ ಹೇಳಿದ. ಸುಳ್ಳಾಡದ ಮನುಷ್ಯನೆಂದು ಹೆಸರಿದ್ದುದರಿಂದ ಎಲ್ಲರೂ ನಂಬಿದರು. ಜನ ದುರಸ್ತಿಗೆ ಬೇರೆ ಊರು ಹುಡುಕಿಕೊಂಡರು. ಈರಣ್ಣ ಕುಲುಮೆ ಹಾಕಿ ಕುಡುಗೋಲು, ಕುಂಟೆಯ ಕುಡ ಹಣಿಯತೊಡಗಿದ. ಕಾಕು ಮುಂದೆಯೂ ತುಂಬಿದಳು, ರೂಢಿಯ ಬಟ್ಟಲಿನಿಂದಲೇ. ಬಂದೂಕು ಎಂದೂ ನಿಲ್ಲಲಿಲ್ಲ, ಆದರೆ ಸ್ಪರ್ಧೆಗೆ ಮತ್ತೆ ಕರೆ ಬರಲಿಲ್ಲ. ಕಾಕಾ ಚಹಾಕ್ಕೆ ಕೂಗುವುದನ್ನು ಬಿಟ್ಟಿದ್ದ. ವರದಿಗಾಗಿ ಟಿಕೋಟಾದ ಮೇಲೆ ಹಾಯುವಾಗಲೆಲ್ಲ ನಾನು ಬಸ್ಸಿನಲ್ಲಿ ಈರಣ್ಣನ ಕುಲುಮೆ ಕಾಣದ ಬದಿಗೆ ಕೂಡುತ್ತಿದ್ದೆ, ಸೀಟು ಸಿಗದಿದ್ದರೆ ನಿಲ್ಲುತ್ತಿದ್ದೆ. ಎಷ್ಟೋ ಜನರ ತಪ್ಪುಗಳನ್ನು ಹೆಸರು ಹಾಕಿ ಬರೆದಿದ್ದೇನೆ. ಇದೊಂದನ್ನು ಬರೆದಿರಲಿಲ್ಲ.

ಬಂದೂಕು ಜಮಾ ಮಾಡಿದ ಮರುದಿನ ಕಾಕು, "ಟಿಕೋಟಾಕ್ಕ ಕರಕೊಂಡು ನಡಿ," ಎಂದಳು. ಈರಣ್ಣ ಕುಲುಮೆಯ ಮುಂದೆ ಕುಳಿತಿದ್ದ. ತಲೆಯೆಲ್ಲ ನರೆತಿತ್ತು. "ಬರ್ರಿ ವೈನಿ," ಎಂದ, ಏಳಲಿಲ್ಲ. ಅವಳು ನಿಂತೇ ಎಲ್ಲವನ್ನೂ ಹೇಳಿದಳು: ಭುಜ, ಸಣ್ಣ ಬಟ್ಟಲು, ಅಡುಗೆಮನೆಯ ಬಾಗಿಲು. ಅವನು ಕೇಳುವಷ್ಟು ಹೊತ್ತೂ ಇಕ್ಕಳವನ್ನು ತೆರೆದು ಮುಚ್ಚುತ್ತಿದ್ದ.

"ಅಣ್ಣಗ ಹೇಳಿದ್ರೇನು?"

"ಇಲ್ಲೋ ಯಪ್ಪಾ. ಬಾಯಿ ಬರಲಿಲ್ಲ."

"ಮತ್ತ ನನಗ್ಯಾಕ ಹೇಳ್ತೀರಿ? ನನಗೇನು ಗೊತ್ತಿದ್ದಿಲ್ಲೇನು ನನ್ನ ಕೈ? ಗೊತ್ತಿಲ್ಲದವ್ರು ಬಬಲೇಶ್ವರ ಸಂತ್ಯಾಗ ಅದಾರ. ಅಲ್ಲಿ ಹೇಳ್ರಿ."

ನೀರು ಬೇಕೇ ಎಂದೂ ಕೇಳಲಿಲ್ಲ. ನಾವು ಹೊರಟೆವು.

ಮುಂದಿನ ಸಂತೆಯ ದಿನ ಕಾಕು ಬಬಲೇಶ್ವರಕ್ಕೆ ಹೋದಳು. ನನ್ನನ್ನು ಬರಗೊಡಲಿಲ್ಲ, ನಾನು ಹಿಂದಿನ ಜೀಪಿನಲ್ಲಿ ಹೋದೆ. ಗೊಬ್ಬರದ ಅಂಗಡಿಯ ಮುಂದೆ ಏಳೆಂಟು ಜನರಿದ್ದರು. ಅವಳು ಸೆರಗು ಹೊದ್ದು ನಿಂತು, "ಈರಣ್ಣ ಕೆಡಿಸಿಲ್ರಿ, ಕೆಡಿಸಿದಾಕಿ ನಾನು," ಎಂದು ಶುರು ಮಾಡಿದಳು. ಒಬ್ಬ ಮುದುಕ, "ಹೋಗ್ಲಿ ಬಿಡಬೇ, ಸತ್ತವರ ಮಾತು ಯಾಕ?" ಎಂದ. "ಈರಣ್ಣ ಸತ್ತಿಲ್ರಿ," ಎಂದಳು ಕಾಕು, ಹೇಳುವುದನ್ನು ಮುಂದುವರಿಸಿದಳು.

ಮೊನ್ನೆ ಮಂಗಳವಾರ ಸಾರವಾಡದ ರೈತನೊಬ್ಬ ತನ್ನ ಬಂದೂಕನ್ನು ದುರಸ್ತಿಗೆಂದು ಟಿಕೋಟಾಕ್ಕೆ ಒಯ್ದಿದ್ದಾನೆ. ಈರಣ್ಣ ಅದನ್ನು ಇಟ್ಟುಕೊಂಡು, ಎಂಟು ದಿನ ಬಿಟ್ಟು ಬಾ ಎಂದಿದ್ದಾನೆ.