ಕ್ಷೌರಿಕ ಡೆಲ್ಬರ್ಟನ ಖಾಲಿ ಬೋನುಗಳು

ಆರ್ಲೊ ಸ್ವೊಬೊಡನ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟುತ್ತ ಡೆಲ್ಬರ್ಟ್ ಕ್ರೌಸ್ ಅವನ ಕಾಲರನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿದ. ಕೊಯೋಟಿಯ ಒಂದು ಒರಟು ಕೂದಲಾದರೂ ಅಂಟಿಕೊಂಡಿರಬಹುದೇನೋ ಅಂತ. ಏನೂ ಇರಲಿಲ್ಲ. ಕೋಟು ಬದಲಿಸಿಕೊಂಡೇ ಬಂದಿದ್ದಾನೆ ಎಂದುಕೊಂಡ.

ನೆಬ್ರಾಸ್ಕಾದ ಮರಳುಗುಡ್ಡಗಳ ನಡುವಿನ ಆ ಸಣ್ಣ ಊರಿಗೆ ಡೆಲ್ಬರ್ಟ್ ಒಬ್ಬನೇ ಕ್ಷೌರಿಕ. ಕುರ್ಚಿಯಲ್ಲಿ ಕೂತವರ ಬೇಟೆಯ ಕತೆಗಳನ್ನು ಕೇಳಿ ಕೇಳಿ ಅರ್ಧ ಆಯುಷ್ಯ ಕಳೆದಿದ್ದ. ಅವುಗಳಲ್ಲಿ ಮುಕ್ಕಾಲು ಸುಳ್ಳು ಎನ್ನುವುದು ಅವನಿಗೆ ಗೊತ್ತಿತ್ತು. ಯಾರನ್ನೂ ಪೂರ್ತಿ ನಂಬದ ಸ್ವಭಾವ ಅಲ್ಲಿಂದಲೇ ಬಂದಿರಬೇಕು. ಈ ಚಳಿಗಾಲ ತಾನೇ ಕೊಯೋಟಿ ಹಿಡಿಯುವುದನ್ನು ಕಲಿಯಲು ಹೊರಟಿದ್ದ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಜಾಣತನದಲ್ಲಿ ಎರಡನ್ನೂ ಮೀರಿಸಿದ ಪ್ರಾಣಿ.

ಮರಳಿನಡಿ ಹುದುಗಿದ್ದು ಕಬ್ಬಿಣದ ದವಡೆಯಲ್ಲಿ ಕಾಲು ಕಚ್ಚಿ ಹಿಡಿಯುವ ಬೋನು ಹಾಕಲು ಜಾಗ ಕೊಟ್ಟವಳು ದನ ಸಾಕುವ ಮಾರ್ವಾ ಲಿಂಡ್‌ಗ್ರೆನ್. ಹಿಂದಿನ ವಸಂತದಲ್ಲಿ ಅವಳ ಎಳೆಗರುಗಳನ್ನು ಕೊಯೋಟಿಗಳು ಎಳೆದೊಯ್ದಿದ್ದವು. ಅವಳ ನೆಲದಲ್ಲಿ ಮೊದಲಿನಿಂದಲೂ ಬೋನು ಹಾಕುತ್ತಿದ್ದವನು ಆರ್ಲೊ. ಅವನಿಗೆ ಮಂಡಿನೋವು ಹೆಚ್ಚಾಯಿತೆಂದು ಪಡುವಣ ಹುಲ್ಲುಗಾವಲನ್ನು ಮಾತ್ರ ಡೆಲ್ಬರ್ಟನಿಗೆ ಬಿಟ್ಟಿದ್ದಳು.

"ಹಸು ಕರು ಹಾಕೋ ಹೊತ್ತಿಗೆ ಏನಾದ್ರೂ ಹಿಡಿದು ತೋರಿಸು ಡೆಲ್," ಎಂದಿದ್ದಳು. "ಇಲ್ದಿದ್ರೆ ಅದೂ ಆರ್ಲೊಗೇ ವಾಪಸ್ಸು."

ಆ ಹೊತ್ತು ಹತ್ತಿರ ಬರುತ್ತಿತ್ತು. ಬೋನುಗಳ ದವಡೆಗಳು ಬಡಿದು ಮುಚ್ಚಿಕೊಂಡಿರುತ್ತಿದ್ದವು, ನಡುವೆ ಏನೂ ಇರುತ್ತಿರಲಿಲ್ಲ. ಸುತ್ತಲಿನ ಮರಳು ಕೆದರಿರುತ್ತಿತ್ತು. ಸಿಕ್ಕಿದ್ದನ್ನು ಯಾರೋ ಬಿಡಿಸಿಕೊಂಡು ಹೋಗುತ್ತಿದ್ದಾರೆ ಎಂದು ಡೆಲ್ಬರ್ಟ್ ತೀರ್ಮಾನಿಸಿದ. ಜುನಿಪರ್ ಕೊಂಬೆಯಿಂದ ಮರಳನ್ನು ನುಣ್ಣಗೆ ಗುಡಿಸಿ, ಮರುದಿನ ಬೂಟಿನ ಗುರುತು ಹುಡುಕಿದ. ದನಗಳ ಗೊರಸು ಬಿಟ್ಟರೆ ಬೇರೆ ಗುರುತಿಲ್ಲ. ದನಗಳ ಗೊರಸು ಆ ಸೀಮೆಯಲ್ಲಿ ಎಲ್ಲಿಲ್ಲ? ಆದರೆ ಆರ್ಲೊನ ಪಿಕಪ್ ಮಾತ್ರ ಎರಡು ಸಲ ಬೇಲಿಯಾಚೆಯ ರಸ್ತೆಯಲ್ಲಿ ನಿಂತಿದ್ದನ್ನು ಕಂಡಿದ್ದ. ಒಳಗಿದ್ದವನ ಕಣ್ಣಿಗೆ ದುರ್ಬೀನು.

"ಇನ್ನೂ ಏನೂ ಬೀಳಲಿಲ್ವಂತೆ?" ಕನ್ನಡಿಯಲ್ಲಿ ನೋಡುತ್ತ ಆರ್ಲೊ ಕೇಳಿದ.

"ಬೀಳೋದು ಬೀಳ್ತಿದೆ. ನಾನು ಹೋಗೋ ಹೊತ್ತಿಗೆ ಇರಲ್ಲ."

"ನಿನ್ನ ಮೈಯೆಲ್ಲ ಪೌಡರ್ ವಾಸನೆ ಮಾರಾಯ. ಅದಕ್ಕೆ ಕೊಯೋಟಿ ಬರಲ್ಲ, ಮದುಮಗಳು ಬರ್ತಾಳೆ."

ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಡೆಲ್ಬರ್ಟ್ ನಗಲಿಲ್ಲ.

"ಒಂದು ಸಲ ಕರ್ಕೊಂಡು ಹೋಗಿ ತೋರಿಸು," ಆರ್ಲೊ ದನಿ ತಗ್ಗಿಸಿದ. "ನೀನು ಕರೀದೆ ನಾನು ಹತ್ರ ಹೋಗಂಗಿಲ್ಲ. ದೂರದಿಂದ ಏನೂ ಗೊತ್ತಾಗಲ್ಲ."

ಒಬ್ಬನ ಬೋನಿನ ಹತ್ತಿರ ಇನ್ನೊಬ್ಬ ಪಿಕಪ್ಪಿನಿಂದ ಕೆಳಗಿಳಿಯಬಾರದು ಎನ್ನುವುದು ಬೋನು ಹಾಕುವವರ ನಡುವಿನ ಕಟ್ಟುಪಾಡು. ಅದನ್ನು ಮುರಿದವನೇ ಅದರ ಮಾತೆತ್ತುತ್ತಿದ್ದಾನಲ್ಲ ಎಂದು ಡೆಲ್ಬರ್ಟನಿಗೆ ಮೈ ಉರಿಯಿತು.

"ತೋರಿಸ್ಬೇಕಾ? ನಿಮಗೆ ಜಾಗ ಆಗ್ಲೇ ಗೊತ್ತಿರ್ಬೇಕಲ್ಲ."

ಆರ್ಲೊ ಅರ್ಧ ಕ್ಷೌರವಾದ ತಲೆಯಲ್ಲೇ ಬಟ್ಟೆ ಬಿಚ್ಚಿಟ್ಟು ಎದ್ದುಹೋದ.

ತಪ್ಪಿಲ್ಲದವನು ಹೀಗೆ ಎದ್ದು ಹೋಗುತ್ತಾನೆಯೇ? ಬೆಂಚಿನಲ್ಲಿದ್ದವರನ್ನು ಡೆಲ್ಬರ್ಟ್ ಇದನ್ನೇ ಕೇಳಿದ. ಆ ವಾರ ಕುರ್ಚಿಗೆ ಬಂದವರನ್ನೆಲ್ಲ ಕೇಳಿದ. ಮಾತು ಮಾರ್ವಾಳವರೆಗೆ ಹೋಯಿತು. ಅವಳು ಫೋನು ಮಾಡಿ, ನಿನ್ನ ಮಾತು ಖಚಿತವಾ ಎಂದಳು. ಖಚಿತ ಎಂದ. ಮಾರ್ವಾ ತನ್ನ ಗೇಟಿನೊಳಗೆ ಕಾಲಿಡಬೇಡ ಎಂದು ಆರ್ಲೊಗೆ ಹೇಳಿಬಿಟ್ಟಳು.

ಆಮೇಲೂ ಬೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಈಗ ಗೇಟು ಹಾರಿ ಬರುತ್ತಿದ್ದಾನೆ ಎಂದು ಡೆಲ್ಬರ್ಟ್ ಲೆಕ್ಕ ಹಾಕಿದ.

ಒಂದು ಬೆಳಿಗ್ಗೆ ಮಾರ್ವಾಳೇ ಕರೆದಳು. ಒಂದು ಕಡಸಿನ ತುಟಿ ಹರಿದಿತ್ತು. ಗಾಯ ತಂತಿಬೇಲಿ ಗೀರಿದ ಹಾಗಿರಲಿಲ್ಲ, ಎರಡೂ ಕಡೆಯಿಂದ ಹಿಸುಕಿದ ಹಾಗಿತ್ತು. ಇಬ್ಬರೂ ಅವಳ ಪಿಕಪ್ಪಿನಲ್ಲಿ ಪಡುವಣ ಗುಡ್ಡ ಹತ್ತಿದರು. ಕೆಳಗೆ, ಗಾಳಿಯಂತ್ರದ ನೀರಿನ ತೊಟ್ಟಿಯಾಚೆ, ಡೆಲ್ಬರ್ಟನ ಬೋನಿದ್ದ ಜಾಗದಲ್ಲಿ ಐದಾರು ಹಸುಗಳು ತಲೆ ತಗ್ಗಿಸಿ ನಿಂತಿದ್ದವು. ಒಂದನ್ನೊಂದು ತಳ್ಳಿಕೊಂಡು ಮರಳು ನೆಕ್ಕುತ್ತಿದ್ದವು. ನೋಡುತ್ತಿದ್ದಂತೆ ಒಂದು ಹಸು ತಲೆ ಕೊಡವಿ ಹಿಂದಕ್ಕೆ ನೆಗೆಯಿತು. ಬೋನು ಬಡಿದ ಸದ್ದು ಗುಡ್ಡದ ಮೇಲಕ್ಕೂ ಕೇಳಿಸಿತು.

"ಅಲ್ಲೇನಿದೆ ನೆಕ್ಕೋಕೆ?" ಮಾರ್ವಾ ಕೇಳಿದಳು.

ಡೆಲ್ಬರ್ಟನಿಗೆ ಗೊತ್ತಿತ್ತು. ಹೆಪ್ಪುಗಟ್ಟಿದ ಮರಳು ಬೋನನ್ನು ಕಲ್ಲಿನಂತೆ ಹಿಡಿದುಕೊಳ್ಳುತ್ತದೆ, ಉಪ್ಪು ಬೆರೆಸಿದರೆ ಸಡಿಲವಾಗಿರುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದ. ಆ ವಿಡಿಯೊದಲ್ಲಿ ದಟ್ಟ ಕಾಡಿತ್ತು, ದನ ಇರಲಿಲ್ಲ. ಇಲ್ಲಿ ಹಿಮ ಬಿದ್ದು, ದನಗಳಿಗೆ ಉಪ್ಪಿಡುವ ತೊಟ್ಟಿಗಳನ್ನು ಮಾರ್ವಾ ತುಂಬಿಸದೆ ದಿನಗಳಾಗಿದ್ದವು. ಬೋನುಗಳನ್ನು ಆರ್ಲೊಗೆ ತೋರಿಸಿದ್ದರೆ ಅವನು ಒಂದು ಚಿಟಿಕೆ ಮರಳು ಬಾಯಿಗೆ ಹಾಕಿ ಆಗಲೇ ಹೇಳಿಬಿಡುತ್ತಿದ್ದ.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಮಾರ್ವಾ ಅವನ ಮುಖವನ್ನೇ ನೋಡುತ್ತಿದ್ದಳು. ಕುರ್ಚಿಯಲ್ಲಿ ಕೂತವರನ್ನು ಅವನು ನೋಡುವ ಹಾಗೆ.

"ಉಪ್ಪು," ಎಂದ. "ನಾನೇ ಹಾಕಿದ್ದು."

ಮಾರ್ವಾ ಪಿಕಪ್ಪನ್ನು ಹಿಂದಕ್ಕೆ ತಿರುಗಿಸಿದಳು.

"ಇವತ್ತೇ ಎಲ್ಲಾ ಬೋನು ಕಿತ್ಕೋ. ಗೇಟು ತೆರೆದಿದೆ ಅಂತ ಆರ್ಲೊಗೆ ನಾನು ಹೇಳಲ್ಲ. ನೀನೇ ಹೋಗಿ ಹೇಳು."

ಬೋನುಗಳನ್ನು ಕಿತ್ತು ಡಬ್ಬಕ್ಕೆ ತುಂಬಿಕೊಂಡು ಡೆಲ್ಬರ್ಟ್ ಆರ್ಲೊನ ಮನೆಗೆ ಹೋದ. ಆರ್ಲೊ ಬಾಗಿಲನ್ನು ಅರ್ಧ ತೆರೆದು, ಒಳಗೆ ಕರೆಯದೆ, ಪೂರ್ತಿ ಕೇಳಿಸಿಕೊಂಡ. ತಲೆಗೂದಲು ಇನ್ನೂ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

"ನಾನು ಕಳ್ಳ ಅಂತ ಯಾರ್ಯಾರಿಗೆ ಹೇಳಿದ್ದೆ?"

"ಅಂಗಡಿಗೆ ಬಂದವರಿಗೆಲ್ಲ."

"ಹಾಗಾದ್ರೆ ಅವರಿಗೆಲ್ಲ ಉಪ್ಪಿನ ಕತೆನೂ ಹೇಳು. ಹೇಳಿದ್ಯೋ ಇಲ್ವೋ ನಾನು ವಿಚಾರಿಸ್ಕೋತೀನಿ. ಆಮೇಲೆ ಕೂದಲು ಕತ್ತರಿಸ್ಕೊಳ್ಳೋಕೆ ಬರ್ತೀನಿ."

ಮರುದಿನ ಡೆಲ್ಬರ್ಟ್ ಅಂಗಡಿ ತೆರೆದು, ಮೊದಲು ಬಂದವನ ಕುತ್ತಿಗೆಗೆ ಬಟ್ಟೆ ಕಟ್ಟಿ, ಉಪ್ಪಿನ ಕತೆ ಹೇಳಲು ಶುರುಮಾಡಿದ. ಕುರ್ಚಿಯಲ್ಲಿದ್ದವನು ಕನ್ನಡಿಯಲ್ಲಿ ಡೆಲ್ಬರ್ಟನ ಮುಖ ನೋಡುತ್ತ ಕೇಳಿಸಿಕೊಂಡ. ಆಮೇಲೆ, "ಹೀಗೆ ಹೇಳು ಅಂತ ಆರ್ಲೊ ಹೆದರಿಸಿದ್ನಾ?" ಎಂದ.

ಡೆಲ್ಬರ್ಟ್ ಮೊದಲಿನಿಂದ ಮತ್ತೆ ಹೇಳಿದ.